ರಸೀದಿ ಇನ್ನೂ ಇದೆ

ಡಂಡೀ, ೧೯೮೩

ಹಗಲಿಡೀ ಅದನ್ನೇ ಜೋಡಿಸುತ್ತೇನೆ,
ಸಂಜೆ ಮನೆಗೂ ಅದೇ ಬೇಕೇನೋ
ಅಂದೆ ಗ್ರೇಮ್‌ಗೆ.

ಕ್ಯಾಂಪರ್‌ಡೌನ್ ಕಾರ್ಖಾನೆಯಲ್ಲಿ ನನ್ನ ಬೆಂಚಿನ ಮುಂದೆ
ಒಂದರ ಬಾಲಕ್ಕೆ ಇನ್ನೊಂದು ಸ್ಪೆಕ್ಟ್ರಮ್.
ರಬ್ಬರಿನ ಹಾಸು, ತಗಡಿನ ಮುಖ, ಬೆನ್ನಿಗೆ ಐದು ತಿರುಪು,
ನಡೆ ಮುಂದೆ.
ಗಡಿಯಾರ ಕೂಡಿಸುತ್ತಿದ್ದ ಬೆರಳುಗಳು ಇವು,
ಚಿಕ್ಕದಕ್ಕೆ ಒಗ್ಗಿವೆ.
ನಿದ್ದೆಯಲ್ಲೂ ಹೊದಿಕೆಯ ಅಂಚನ್ನು ತಿರುಪುತ್ತವಂತೆ,
ಡಗೀ ಹೇಳುತ್ತಾನೆ.

ನನಗೆ ಬೇಕಾದದ್ದು ಆ ಕಮಡೋರ್.
ಅಂಗಡಿಯಲ್ಲಿ ಎತ್ತಿ ನೋಡಿದ್ದೆ, ತೋಳಿಗೆ ಗೊತ್ತಾಗುವ ತೂಕ.
ಒತ್ತಿದರೆ ಟಕ್ಕೆಂದು ಉತ್ತರ ಕೊಡುವ ಕೀಗಳು,
ಟೈಪಿಸ್ಟ್ ಹುಡುಗಿಯರ ಮೇಜಿನ ಮೇಲಿರುವಂಥವು.
ಮೂರು ದನಿಯಲ್ಲಿ ಹಾಡುತ್ತದಂತೆ.
ನನ್ನ ಕೈ ಸೋಕದ ಒಂದು ವಸ್ತು
ಮನೆಯಲ್ಲಿರಲಿ ಅನ್ನುವುದು ದೊಡ್ಡ ಆಸೆಯೇ?
ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂರಹತ್ತು ಪೌಂಡಿತ್ತು,
ಓವರ್‌ಟೈಮಿನದು.

ಡಗೀಗೆ ಶಾಲೆಯಲ್ಲಿರುವ ಬಿಬಿಸಿಯದೇ ಬೇಕು.
ಕ್ಯಾಲಿಡೋನ್ ಹಡಗುಕಟ್ಟೆ ಮುಚ್ಚಿ ಎರಡು ವರ್ಷ,
‘ಓದು’ ಎಂಬ ಪದ ಕೇಳಿದರೆ
ಈಗಲೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ.
ನಾನೂರು ಅಂದೆ.
ಟೀವಿಯ ದನಿ ಒಂದಿಷ್ಟು ಜೋರು ಮಾಡಿದ.

ಗ್ರೇಮ್‌ನದು ಬೇರೆ ಲೆಕ್ಕ.
ಸ್ಪೆಕ್ಟ್ರಮ್ ಆಟದಲ್ಲಿ ಬಣ್ಣಕ್ಕೆ ಬಣ್ಣ ಮೆತ್ತಿಕೊಳ್ಳುತ್ತದೆ, ಗೊತ್ತು.
ಸೊಳ್ಳೆಯ ಸಂಗೀತ, ಗೊತ್ತು.
ಆದರೆ ಸೈಕಲ್ ಶೆಡ್ಡಿನ ಹಿಂದೆ ಟೇಪು ಅದಲುಬದಲು ಮಾಡುವ
ಹನ್ನೊಂದು ಹುಡುಗರಲ್ಲಿ ಹತ್ತು ಮಂದಿಯದು ಸ್ಪೆಕ್ಟ್ರಮ್ಮೇ.
ಹನ್ನೊಂದನೆಯವನು ದಂತವೈದ್ಯನ ಮಗ,
ಕಮಡೋರ್ ಇದೆ, ಎದುರಾಳಿಯಿಲ್ಲ.
‘ಒಬ್ಬನೇ ಕೂತು ಆಡೋದಕ್ಕೆ
ಒಳ್ಳೆ ಯಂತ್ರ ಯಾಕಮ್ಮ?’

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ.
ದಿನಾ ಹಿತ್ತಲಿಗೆ ನೀರು ಹೊಯ್ಯುವವಳನ್ನು ಕೇಳಿ,
ಯಾವ ಎಲೆಗೆ ಹುಳ ಅಂತ ಅವಳಿಗೆ ಗೊತ್ತು.

ಶನಿವಾರ ಮರ್ರಿಗೇಟಿನ ಅಂಗಡಿಯಲ್ಲಿ
ಟೈ ಕಟ್ಟಿದ ಎಳೆಯ ನನಗೇ ವಿವರಿಸಿದ:
‘ನಮ್ಮೂರಲ್ಲೇ ಮಾಡೋದು ಮೇಡಮ್, ಗಟ್ಟಿ ಮಾಲು.’
ಹೌದಾ ಅಂದೆ.
ಗ್ರೇಮ್ ನೆಲ ನೋಡಿ ನಗು ನುಂಗಿದ.
ನೂರಮೂವತ್ತಕ್ಕೆ ಐದು ಪೆನ್ನಿ ಚಿಲ್ಲರೆ ಬಂತು.

ಮನೆಯಲ್ಲಿ ಟೇಪು ಕಿರುಚಿತು, ಬೆಕ್ಕಿನ ಬಾಲ ತುಳಿದ ಹಾಗೆ.
ಟೀವಿಯ ಅಂಚಲ್ಲಿ ಹಳದಿ ನೀಲಿ ಪಟ್ಟೆಗಳ ಓಟ.
ಐದು ನಿಮಿಷ ಯಾರೂ ಉಸಿರು ಬಿಡಲಿಲ್ಲ,
ಫುಟ್‌ಬಾಲಿಗೆ ಕಾದು ಕೂತ ಡಗೀ ಕೂಡ.
ಆಟ ಬಂತು.
ಪುಟ್ಟ ಮನುಷ್ಯ ಅಲ್ಲಾಡಲೊಲ್ಲ.

ವೈ, ಯು, ಐ, ಓ, ಪಿ.
ಬಲಗಡೆಯ ಆ ಐದೂ ಸತ್ತಿವೆ.

‘ವಾಪಸ್ ಕೊಟ್ಟು ನಿನ್ನ ಕಮಡೋರೇ ತರೋಣ’
ಅಂದ ಗ್ರೇಮ್, ನನ್ನ ಮುಖ ನೋಡದೆ.
ಬಾಯಿಗೆ ಬಂದಿತ್ತು ಹೂಂ.
ಕೈ ಅಷ್ಟರಲ್ಲಿ ಡ್ರಾಯರಿನಿಂದ ತಿರುಪುಳಿ ತೆಗೆದಿತ್ತು.

ಐದು ತಿರುಪು. ಒಳಗೆ ರಿಬ್ಬನ್ನಿನ ಬಾಲ
ಒಂದು ಕೂದಲಷ್ಟು ಓರೆ.
ಹೀಗೆ ಎಡಕ್ಕೆ ವಾಲಿಸಿ ಒತ್ತುವವಳು ಒಬ್ಬಳೇ,
ಜೀನೆಟ್, ನನ್ನ ಬೆಂಚಿನಿಂದ ಮೂರನೆಯವಳು.
ಆ ವಾರ ಅವಳ ಕೂಸಿಗೆ ಗೊರಕೆಮ್ಮು,
ರಾತ್ರಿಯೆಲ್ಲ ಎತ್ತಿಕೊಂಡು ತಿರುಗಿ
ಬೆಳಿಗ್ಗೆ ಏಳೂವರೆಗೆ ಪಾಳಿಗೆ ಬರುತ್ತಿದ್ದಳು.
ಬಾಲವನ್ನು ಎತ್ತಿ ನೇರ ಕೂರಿಸಿದೆ.
ಯಾರ ಹೆಸರೂ ಹೇಳಲಿಲ್ಲ.

‘ಇದನ್ನ ನೀನೇ ಮಾಡಿದ್ದಾ?’
‘ಈಗ ಹೌದು.’

ಗ್ರೇಮ್ ಯು ಒತ್ತಿದ.
ಆ ಯಂತ್ರದಲ್ಲಿ ಒಂದು ಕೀಗೆ ಒಂದಿಡೀ ಪದ.
ಪರದೆಯ ಕೆಳಗೆ ‘ಇಫ್’ ಮೂಡಿತು,
ಪಕ್ಕದಲ್ಲಿ ಮಿಟುಕುವ ಚೌಕ,
ಮುಂದೇನು ಅಂತ.

ರಸೀದಿ ಸಕ್ಕರೆ ಬಟ್ಟಲ ಕೆಳಗಿದೆ.
ಇಪ್ಪತ್ತೆಂಟು ದಿನ.
ಸೋಮವಾರ ಜೀನೆಟ್‌ಗೆ ಕೂಸಿನ ವಿಷಯ ಕೇಳಬೇಕು.