ಗಾಲಿ ತಟ್ಟುವವಳು

ಅರಿಸ್ ಜಂಕ್ಷನ್ನಿನಲ್ಲಿ ಹತ್ತೊಂಬತ್ತು ವರ್ಷದಿಂದ
ಗಾಲಿಗೆ ಸುತ್ತಿಗೆ ತಟ್ಟಿ ಕಿವಿಗೊಡುವುದು ನನ್ನ ಕೆಲಸ.
ಗಟ್ಟಿ ಗಾಲಿ ಠಣ್ಣೆನ್ನುತ್ತದೆ.
ಬಿರುಕು ಬಿಟ್ಟದ್ದು, ಸೀಳಿದ ಮಡಕೆಯ ಹಾಗೆ, ಬೊದ್ದೆನ್ನುತ್ತದೆ.
ಅಷ್ಟೇ ವಿದ್ಯೆ.

ಮೊದಲು ಮೇಲ್ಸೇತುವೆಯ ಮೆಟ್ಟಿಲು ಹೆಚ್ಚಾದವು.
ನಡುವೆ ನಿಂತು ಕೈಗವಸು ಸರಿಮಾಡಿಕೊಳ್ಳುವ ನಾಟಕ ಕಲಿತೆ.
ಬಾಚಣಿಗೆ ತುಂಬ ಕೂದಲು. ಉಗುರು ಚಮಚದಂತೆ ಗುಳಿ.
ಮಗಳ ಚೀಲದ ಸೀಮೆಸುಣ್ಣ ಕದ್ದು ತಿಂದೆ,
ಯಾಕೆಂದು ಕೇಳಬೇಡಿ, ಅಷ್ಟು ರುಚಿಯಿತ್ತು.
"ವಯಸ್ಸಾಯಿತಲ್ಲ" ಎಂದರು ಅತ್ತೆ, ಚಹಾ ಬಗ್ಗಿಸುತ್ತ.
ನನಗೆ ನಲವತ್ತೊಂದು.

ಫೆಬ್ರವರಿಯ ಒಂದು ರಾತ್ರಿ, ಗೋಧಿ ತುಂಬಿದ ರೈಲು,
ಪ್ರತಿ ಗಾಲಿಯೂ ಬೊದ್ದೆಂದಿತು.
ಕೆಂಪು ದೀಪ ಎತ್ತಿದೆ.
ಐವತ್ತೆರಡು ಬೋಗಿ ಮೂರು ಗಂಟೆ ಹಿಮದಲ್ಲಿ ನಿಂತವು.
ಕೂದಲೆಳೆಯಷ್ಟೂ ಬಿರುಕಿರಲಿಲ್ಲ;
ಗುಯ್‌ಗುಡುತ್ತಿದ್ದದ್ದು ನನ್ನ ಕಿವಿ.
ಮೇಲಧಿಕಾರಿ ಸೆರಿಕ್‌ಬಾಯ್ ಬೈಯಲಿಲ್ಲ.
ಬೈದಿದ್ದರೆ ವಾಸಿಯಿತ್ತು.

ಡಾಕ್ಟರಮ್ಮ ಕೆಳರೆಪ್ಪೆ ಎಳೆದರು. ಹಿಟ್ಟಿನ ಬಣ್ಣ.
"ತಿಂಗಳಿಗೆ ಎಷ್ಟು ದಿನ ರಕ್ತ ಹೋಗುತ್ತದೆ?"
"ಹನ್ನೊಂದು." ಇದನ್ನು ಯಾರೂ ಕೇಳಿರಲಿಲ್ಲ, ನಾನೂ.
"ಮೈಯಲ್ಲಿ ಕಬ್ಬಿಣವಿಲ್ಲ, ಬಗ್ದಾಗುಲ್.
ಉಸಿರು ಹೊರುವ ಬೋಗಿಗಳೇ ಕಮ್ಮಿ.
ಇದ್ದಷ್ಟನ್ನೇ ಗುಂಡಿಗೆ ಎರಡೆರಡು ಸಲ ಓಡಿಸುತ್ತಿದೆ."
ನಕ್ಕುಬಿಟ್ಟೆ.
ದಿನಕ್ಕೆ ಸಾವಿರ ಗಾಲಿ ಮುಟ್ಟುವವಳು ನಾನು.

ಊಟದ ಜೊತೆ ಚಹಾ ಬೇಡವೆಂದದ್ದನ್ನು
ಅತ್ತೆಗೆ ಇನ್ನೂ ಹೇಳಿಲ್ಲ.
ಮಾತ್ರೆ ನಾಲಿಗೆಗೆ ತಾಗಿದರೆ ಆರನೇ ವಯಸ್ಸಿನ ಜನವರಿ:
ಪಂಥ ಕಟ್ಟಿ ಹಳಿ ನೆಕ್ಕಿದ್ದೆ.
ನಾಲಿಗೆ ಕಚ್ಚಿಕೊಂಡಿತ್ತು, ಅಳಲೂ ಆಗದಂತೆ,
ಅಜ್ಜ ಓಡಿ ಬಂದು
ಬೆಚ್ಚನೆಯ ಚಹಾ ಹುಯ್ದು ಬಿಡಿಸಿದ್ದ.