ಮೂವತ್ತಾರರ ಲೆಕ್ಕ

ಮೋಟಾರು ಮುಟ್ಟಿದೆ. ಅಂಗೈ ತಾನಾಗಿ ಹಿಂದೆ ಬಂತು.
ಲೈಟು ಹೋದ ಎರಡು ತಾಸು
ಹಳೆಯ ಇನ್ವರ್ಟರಿನ ಮೇಲೆ ಓಡಿದ ಮಗ್ಗ;
ಟವೆಲಿನ ಅಂಚಿನುದ್ದ ಅಡ್ಡಗೀರು,
ಲಾಳಿ ಒಂದೊಂದು ಸಲ ಯೋಚಿಸಿ ನಿಂತ ಹಾಗೆ.

ಸೊಲ್ಲಾಪುರ, ಅಕ್ಕಲಕೋಟ ರಸ್ತೆಯ ಎಂಐಡಿಸಿ,
ತಗಡಿನ ಒಂದೇ ಶೆಡ್ಡು, ನಡುವೆ ಆರಿಂಚಿನ ಗೋಡೆ.
ಈಚೆ ಅಣ್ಣ ರೇವಣಸಿದ್ಧ, ಆಚೆ ತಮ್ಮ ಕಾಶಿರಾಯ.
ಹನ್ನೊಂದು ವರ್ಷ ಮಾತಿಲ್ಲ.
ಹೇಳುವುದಿದ್ದರೆ ಕಂಡಿಕೆ ಸುತ್ತುವ ನರಸವ್ವನ ಕೈಲಿ ಹೇಳಿಸುತ್ತಾರೆ;
ಅವಳು ಬೈಗುಳ ಅಲ್ಲೇ ಸೋಸಿ
ಉಳಿದದ್ದನ್ನು ತೆಲುಗು ಬೆರೆಸಿ ದಾಟಿಸುತ್ತಾಳೆ.

ಹಳೆಯ ಇನ್ವರ್ಟರಿಗೆ ಗೊತ್ತಿರುವುದು ಎರಡೇ:
ಧಡಕ್ಕನೆ ಏರುವುದು, ಧಡಕ್ಕನೆ ಬೀಳುವುದು.
ಆ ಚೂಪು ಅಂಚಿನಲ್ಲಿ ಕರೆಯದೆ ಬಂದವರಿದ್ದಾರೆ,
ಐದನೆಯದು, ಏಳನೆಯದು, ಹನ್ನೊಂದು, ಹದಿಮೂರು.
ಐದನೆಯದು ಹಟಮಾರಿ.
ಎಲ್ಲ ಮುಂದೆ ತಿರುಗುವಾಗ ತಾನು ಹಿಂದಕ್ಕೆ ಜಗ್ಗುತ್ತದೆ.
ಮೋಟಾರು ಮುಂದೆಯೇ ತಿರುಗುತ್ತದೆ, ಸರಿ,
ಆದರೆ ಆ ಜಗ್ಗಾಟವೇ ಕಾದು ಅಂಗೈ ಸುಡುತ್ತದೆ.

ಮೆಟ್ಟಿಲು ಬೇಕು, ಅಂದೆ.
ನೆಲ, ಒಂದು, ಎರಡು; ಮತ್ತೆ ನೆಲ; ಕೆಳಗೂ ಅಷ್ಟೇ.
ಅಲೆ ಅಲ್ಲ, ಅಲೆಯ ನೆನಪಿನಷ್ಟು.
ಆದರೆ ಮೆಟ್ಟಿಲಿಗೊಂದು ಬೇರೆ ಬ್ಯಾಟರಿ.
ಒಂದರ ಋಣ ಇನ್ನೊಂದರ ಋಣಕ್ಕೆ ತಾಗಕೂಡದು.

ರೇವಣಸಿದ್ಧ ನಕ್ಕ, ನಾನು ನೋಡಿದ ಒಂದೇ ಸಲ.
'ಅದಂತೂ ನಮ್ಮಲ್ಲಿ ತಯಾರs ಅದ, ಮಹಾನಂದಾ.
ಮರಾಠಿಯೊಳಗ ಛತ್ತೀಸಾಚಾ ಆಕಡಾ ಅಂತಾರಲ್ಲ,
ಮೂರಕ್ಕ ಆರು ಬೆನ್ನು ತಿರುಗಿಸಿ ಕುಂತದ್ದು. ಅದs ನಮ್ದು.'

ಅಣ್ಣನವು ಮೂರು ಗುಂಪು, ತಮ್ಮನವು ಮೂರು,
ಒಂದೊಂದು ಫೇಸಿಗೆ ಒಬ್ಬೊಬ್ಬರದು ಒಂದೊಂದು.
ಗುಜರಿಯಿಂದ ತಂದ ಬೋರ್ಡುಗಳ ಕಾಲಿಗೆ
ಹೊಸ ಬೆಸುಗೆ ಹಾಕುತ್ತ ಕೂತ ರಾತ್ರಿ
ನೂಲಿನ ರಟ್ಟಿನ ಪೆಟ್ಟಿಗೆಯ ಹಿಂದೆ ಸೀಮೆಸುಣ್ಣದ ಲೆಕ್ಕ:
ಒಬ್ಬ ಹನ್ನೆರಡು ಡಿಗ್ರಿಗೆ ಏಳಲಿ,
ಇನ್ನೊಬ್ಬ ನಲವತ್ತೆಂಟಕ್ಕೆ.
ನಡುವಿನ ಅಂತರ ನೋಡಿ ಕೈ ನಿಂತಿತು.

ಐದು ಮೂವತ್ತಾರಲೆ ನೂರಾ ಎಂಬತ್ತು.
ಅಣ್ಣನ ಐದನೆಯದಕ್ಕೆ ತಮ್ಮನ ಐದನೆಯದು
ಪೂರ್ತಿ ಬೆನ್ನು ಹಾಕಿ ನಿಲ್ಲುತ್ತದೆ,
ಎರಡೂ ಸೇರಿ ಸೊನ್ನೆ.
ನಾನು ಬರೆದದ್ದು ಕನ್ನಡದ ೩೬.
ಅಲ್ಲಿ ಎರಡೂ ಒಂದೇ ಕಡೆ ನೋಡುತ್ತವೆ,
ಆರಕ್ಕೊಂದು ಬಾಲ ಹೆಚ್ಚು, ಅಷ್ಟೇ.

ಗೋಡೆಗೆ ತೂತು ಕೊರೆಯಲು ಮಾತ್ರ
ನಾಲ್ಕು ದಿನ ನರಸವ್ವ ಓಡಾಡಿದಳು.

ಶುರುಮಾಡಿದಾಗ ತಗಡಿನ ಜುಮುಜುಮು ಇಲ್ಲ.
ಕಾಶಿರಾಯ ಮೋಟಾರಿನ ಮೇಲೆ ಕೈಯಿಟ್ಟು
ಚಹಾ ಮುಗಿಯುವ ತನಕ ತೆಗೆಯಲಿಲ್ಲ.

ಎಂಟು ದಿನಕ್ಕೆ ತಕರಾರು. 'ನನ್ನ ಬ್ಯಾಟರಿ ಲಗೂನ ಇಳೀತಾವ,
ಅವನವು ಇಳ್ಯಾಂಗಿಲ್ಲ.'
ನಿಜ. ಮೊದಲು ಎದ್ದವನೇ ಕೊನೆಗೆ ಕೂರುವವನು,
ಭಾರ ಅವನಿಗೇ ಹೆಚ್ಚು.
ಚಿಪ್ಪಿನಲ್ಲಿ ಎರಡು ಸಾಲು ತಿದ್ದಿದೆ:
ಒಂದು ಸುತ್ತು ಅಣ್ಣ ಮೊದಲು, ಮರುಸುತ್ತು ತಮ್ಮ.

ಈಗ ಸೆಕೆಂಡಿಗೆ ಇಪ್ಪತ್ತೈದು ಸಲ
ಅಣ್ಣ ಎದ್ದು ನಿಂತು ತಮ್ಮನಿಗೆ ಕಾಯುತ್ತಾನೆ
ಎರಡು ಮಿಲಿಸೆಕೆಂಡು.
ಇಪ್ಪತ್ತೈದು ಸಲ ತಮ್ಮ.
ಇದನ್ನು ಇಬ್ಬರಿಗೂ ಹೇಳಿಲ್ಲ,
ಹೇಳಿದರೆ ತಂತಿ ಬಿಚ್ಚಿಸಿಯಾರು.

ಏಳನೆಯದು ಹಾಗೇ ಉಳಿದಿದೆ.
ಅದನ್ನೂ ಅಳಿಸಬಹುದು, ಕೋನ ಸರಿಸಬೇಕು,
ಆಗ ವೋಲ್ಟೇಜು ಇಳಿದು ಮಗ್ಗ ಮುಗ್ಗರಿಸುತ್ತದೆ.
ಕಿವಿಯಿಟ್ಟರೆ ಕೇಳುತ್ತದೆ, ಸಣ್ಣಗೆ, ಗೋಡೆಯ ಎರಡೂ ಕಡೆ.
ಇರಲಿ ಅಂದೆ.

ಬಿಲ್ಲು ಎರಡು ಮಾಡು, ಅಂತ ನರಸವ್ವ ಬಂದಳು.