ಹಳದಿಯಿದ್ದ ಜಾಗ

ಸಾಂಗೆಯ ಕಚೇರಿಯ ಮೇಜಿನ ಮೇಲೆ ಎರಡು ಹಾಳೆ ಹಾಸಿದೆ,
ಒಂದು ಅರವತ್ತೈದರದ್ದು, ಒಂದು ಮೊನ್ನೆಯದು.
ಹಳೆಯದರಲ್ಲಿ, ಕಂದು ಗೆರೆಗಳು ಒತ್ತೊತ್ತಾಗಿ ಏರುವಲ್ಲಿ,
ಉಗುರಿನಷ್ಟು ಹಳದಿ. ಹಳದಿ ಎಂದರೆ ಸಾಗುವಳಿ.
ಪಕ್ಕದಲ್ಲಿ ನೀಲಿ ಸೊನ್ನೆ, ಬಾವಿ.
ಮೂರು ಕೆಂಪು ಚುಕ್ಕೆ, ಮನೆ.
ಹೊಸದರಲ್ಲಿ ಬರೀ ಹಸಿರು.
ಕಾಲುದಾರಿಯ ತುಂಡುಗೆರೆ ಮಾತ್ರ
ಹೊಳೆ ದಾಟಿ, ಗುಡ್ಡ ಹತ್ತಿ,
ಏನೂ ಇಲ್ಲದ ಕಡೆ ಹೋಗಿ ನಿಂತಿದೆ,
ಹೇಳಲು ಬಂದದ್ದನ್ನು ಮರೆತವರ ಹಾಗೆ.

ಕುಷ್ಟ ವೇಳಿಪ ನಕ್ಷೆ ನೋಡಲಿಲ್ಲ.
ಅರಣ್ಯದ ಕಾವಲುಗಾರ; ಅವನ ಕತ್ತಿ ಮುಂದೆ, ನಾನು ಹಿಂದೆ.
"ಮಾವು ಸಾಲಾಗಿ ಹುಟ್ಟುತ್ತದೆಯೇ, ಬಾಯಿ?"
ಎಣಿಸಿದೆ. ಐದು. ಆರನೆಯದರ ಬುಡ ಮಾತ್ರ.
ಆಮೇಲೆ ಕಲ್ಲು. ಮೊಣಕಾಲೆತ್ತರದ ಒಡ್ಡು,
ಅದರ ಮೇಲೊಂದು, ಅದರ ಮೇಲಿನ್ನೊಂದು,
ಒಂದನ್ನು ಸರಿಸಿ ಎದ್ದ ಮತ್ತಿಮರ
ನನ್ನ ತೋಳಿಗೆ ಸಿಕ್ಕಲಿಲ್ಲ.

ನಮ್ಮ ಗೆರೆ ಇಪ್ಪತ್ತು ಮೀಟರಿಗೊಂದು.
ಒಡ್ಡುಗಳೆಲ್ಲ ಎರಡು ಗೆರೆಗಳ ನಡುವೆಯೇ ಮುಗಿದಿದ್ದವು.
ನಾಚಣಿ ಬಿತ್ತಿದ್ದು, ನೆರೆಯವನೊಡನೆ ಮಾತು ಬಿಟ್ಟದ್ದು,
ಹಂದಿ ಕಾಯಲು ರಾತ್ರಿಯಿಡೀ ತಗಡು ಬಡಿದದ್ದು,
ಎಲ್ಲ ಆ ಸಂದಿಯಲ್ಲೇ.

"ಕಡಿದು, ಸುಟ್ಟು, ಬಿತ್ತಿ, ಬಿಟ್ಟು ಹೋಗುವುದಕ್ಕೆ
ನಿಮ್ಮಲ್ಲಿ ಏನನ್ನುತ್ತಾರೆ?"
ಕುಮರಿ ಎಂದೆ.
"ನಮ್ಮಲ್ಲೂ ಕುಮೇರಿಯೇ!" ನಕ್ಕ,
ಘಟ್ಟದಾಚೆ ಹಳೆಯ ನೆಂಟಸ್ತಿಕೆ ಸಿಕ್ಕಂತೆ.
ನಗು ಮುಗಿದ ಮೇಲೆ ಹೇಳಿದ:
ಅವನಜ್ಜಿ ದಂಡ ಕಟ್ಟಿದ್ದು ಇದಕ್ಕೇ.
ಓದು ಬಾರದವಳು ಆ ರಸೀದಿಯನ್ನು
ಸೂರಿನ ಬಿದಿರಿನಲ್ಲಿ ಸುರುಳಿ ಸುತ್ತಿ ಇಟ್ಟಿದ್ದಳಂತೆ.
ಇಲ್ಲಿ ಉತ್ತಿದ್ದೆವು ಎನ್ನಲು
ಅವರ ಹತ್ತಿರ ಇದ್ದ ಕಾಗದ ಅದೊಂದೇ.

ಬಾವಿ ನೀಲಿ ಸೊನ್ನೆಯ ಜಾಗದಲ್ಲಿರಲಿಲ್ಲ,
ನಲವತ್ತು ಹೆಜ್ಜೆ ಕೆಳಗಿತ್ತು, ಬಳ್ಳಿ ಮುಚ್ಚಿತ್ತು.
ಕುಷ್ಟ ಒಂದು ಕಲ್ಲು ಬಿಟ್ಟ.
ಸದ್ದು ಬರಲು ಹೊತ್ತು ಹಿಡಿಯಿತು;
ಬಂದಾಗ ಒದ್ದೆಯಾಗಿತ್ತು.

ಹಾಳೆಗೆ ಒಂದು ಕೊಂಬು ಕೊಟ್ಟರೆ ಹಾಳು.
ಕೊಡಲಿಲ್ಲ. ಪೆನ್ಸಿಲಿನಲ್ಲಿ, ಅದಿರುವಲ್ಲಿ,
ಸೊನ್ನೆ ಸುತ್ತಿದೆ.
ಶಿರೋಡಕರ ಕನ್ನಡಕ ಏರಿಸಿ ಬಗ್ಗಿದರು.
ಯಾರಾದರೂ ನೀರು ಸೇದುತ್ತಾರಾ?
ಇಲ್ಲ.
ಹಾಗಾದರೆ ಬೇಡ.

ಅಳಿಸಿದೆ. ಊಟಕ್ಕೆ ಎದ್ದು ಹೋದೆವು.
ನಾನು ಪೆನ್ಸಿಲ್ ಒತ್ತಿ ಬರೆಯುವವಳು.
ಬೆರಳಾಡಿಸಿದರೆ ತಗ್ಗು ಸಿಗುತ್ತದೆ.